ಬಿಟ್ಟಿದ್ದಾರೆ, ಮಾಯ್ದಿಲ್ಲ

ವಿಜಯವಾಡ, ಮೇ ೧೯೯೬

ಬ್ಯಾಂಕಿನ ಪ್ರಧಾನ ಕಚೇರಿಯಲ್ಲಿ ಕುಳಿತು ನಮ್ಮೆಲ್ಲರ ಎದೆಗೂಡುಗಳ ಯೋಗಕ್ಷೇಮ ನೋಡಿಕೊಳ್ಳುವ ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನನ್ನ ಗಂಡ ಸಿಗರೇಟು ಸೇದುವುದಿಲ್ಲ. ಸೇದುತ್ತಿದ್ದರು, ಬಿಟ್ಟರು. ಅವರ ಶ್ವಾಸಕೋಶ ಮೊದಲಿನಂತಾಗಿಲ್ಲ, ಆಗುವುದೂ ಇಲ್ಲ. ಈ ಎರಡೂ ಮಾತುಗಳು ಒಬ್ಬನೇ ಮನುಷ್ಯನ ವಿಷಯದಲ್ಲಿ ಏಕಕಾಲಕ್ಕೆ ನಿಜವಾಗಿರಬಹುದು ಎಂಬುದು ನಿಮ್ಮ ವಿಭಾಗಕ್ಕೆ ಹೊಳೆಯದೆ ಹೋದದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ನಿಮಗೆ ನೇರವಾಗಿ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಆದ್ದರಿಂದ ಈ ಸಲ ಪತ್ರಿಕೆಯ ಮೂಲಕ, ಎಲ್ಲರೂ ಓದುವಂತೆ.

ನನ್ನ ಗಂಡ ರಮಾಕಾಂತ ನಿಮ್ಮ ಬ್ಯಾಂಕಿನ ವಿಜಯವಾಡ ಶಾಖೆಯೊಂದರಲ್ಲಿ ಸಾಲ ವಿಭಾಗದ ಅಧಿಕಾರಿ. ಅವರು ನಿಮ್ಮಲ್ಲಿ ಬಡ್ತಿ ಕೇಳಲಿಲ್ಲ, ರಜೆ ಕೇಳಲಿಲ್ಲ, ಕರ್ನಾಟಕಕ್ಕೆ ವರ್ಗವನ್ನೂ ಕೇಳಲಿಲ್ಲ. ಅವರು ಕೇಳಿದ್ದು ಒಂದು ಕಿಟಕಿ. ಅವರ ವಿಭಾಗ ಇರುವುದು ಹಳೆಯ ಕಟ್ಟಡದ ಒಳಕೋಣೆಯಲ್ಲಿ. ಅಲ್ಲಿ ಕಿಟಕಿಯಿಲ್ಲ. ಕಾಗದ ಹಾರುತ್ತದೆಂದು ಫ್ಯಾನ್ ಹಾಕುವುದಿಲ್ಲ. ಕೂತವರಲ್ಲಿ ಅವರೊಬ್ಬರನ್ನು ಬಿಟ್ಟು ಎಲ್ಲರೂ ಸೇದುತ್ತಾರೆ. ‘ನನ್ನ ಮೇಜನ್ನು ಹೊರಗಿನ ಹಾಲ್‌ಗೆ, ಕಿಟಕಿಯ ಪಕ್ಕಕ್ಕೆ ಹಾಕಿಸಿಕೊಡಿ’ ಎಂಬುದಷ್ಟೇ ಅವರ ಅರ್ಜಿ. ಅದಕ್ಕೆ ನಿಮ್ಮ ಕಚೇರಿ ಇಂಗ್ಲಿಷಿನಲ್ಲಿ ಕೊಟ್ಟ ಉತ್ತರವನ್ನು ಕನ್ನಡಕ್ಕೆ ತಂದರೆ ಹೀಗಿದೆ: ‘ಸದರಿ ಅಧಿಕಾರಿಯು ಧೂಮಪಾನವನ್ನು ಇನ್ನೂ ಬಿಟ್ಟಿಲ್ಲವೆಂದೂ ರಾತ್ರಿ ವೇಳೆ ಅದು ಹೆಚ್ಚೆಂದೂ ವೈದ್ಯಕೀಯ ಶಿಬಿರದಲ್ಲಿ ಸ್ವತಃ ಒಪ್ಪಿಕೊಂಡಿದ್ದಾರೆ. ಶ್ವಾಸಪರೀಕ್ಷೆಯಲ್ಲಿ ಸುಧಾರಣೆ ಕಾಣದಿರುವುದು ಇದನ್ನು ದೃಢಪಡಿಸುತ್ತದೆ. ತಾನೇ ಧೂಮಪಾನಿಯಾದವರು ಸಹೋದ್ಯೋಗಿಗಳ ಧೂಮಪಾನವನ್ನು ಆಕ್ಷೇಪಿಸುವುದು ಸಮಂಜಸವಲ್ಲ.’

ಸ್ವತಃ ಒಪ್ಪಿಕೊಂಡಿದ್ದಾರೆ! ಕೊಲೆ ಮೊಕದ್ದಮೆಯಲ್ಲಿ ಕೂಡ ಒಪ್ಪಿಗೆಯನ್ನು ಇಷ್ಟು ಸಲೀಸಾಗಿ ನಂಬುವುದಿಲ್ಲವೆಂದು ಕೇಳಿದ್ದೇನೆ. ಒಪ್ಪಿಕೊಂಡದ್ದು ಯಾವ ಭಾಷೆಯಲ್ಲಿ ಎಂದು ಯಾರಾದರೂ ವಿಚಾರಿಸಿದಿರಾ?

ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಪಟಮಟದ ಒಂದು ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುತ್ತಿರುವವಳು. ಈ ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಆದರೆ ಆದ ತಪ್ಪು ಕನ್ನಡಕ್ಕೂ ತೆಲುಗಿಗೂ ನಡುವೆ ಆದದ್ದು. ನೀವೂ ಕನ್ನಡದವರು. ಓದಿದರೆ ನಿಮಗೆ ತಟ್ಟನೆ ಅರ್ಥವಾದೀತು ಎಂಬ ಆಸೆ.

ಮೊದಲು ಒಂದು ಪದದ ಕಥೆ ಹೇಳಬೇಕು. ವಿಜಯವಾಡಕ್ಕೆ ಬರುವ ಮುಂಚೆ ನಾವು ವಿಶಾಖಪಟ್ಟಣದಲ್ಲಿದ್ದೆವು. ಅಲ್ಲಿ ಒಂದು ಭಾನುವಾರ ಸಮುದ್ರದ ಬಂಡೆಯ ಮೇಲೆ ಕಾಲಿಟ್ಟು ಇವರ ಪಾದ ಚಿಪ್ಪಿಗೆ ಸಿಕ್ಕಿ ಸೀಳಿತು. ಪಟ್ಟಿ ಕಟ್ಟುತ್ತಿದ್ದ ಕಾಂಪೌಂಡರ್ ಕೊನೆಯ ದಿನ ಗಾಯವನ್ನು ಒತ್ತಿ ನೋಡಿ, ‘ಮಾನಿಂದಂಡೀ’ ಎಂದ. ಗುಣವಾಯಿತು ಎಂದು ಅರ್ಥ. ಗದಗದ ಕಡೆಯವರಾದ ನನ್ನ ಗಂಡನಿಗೆ ಅದು ನಿಧಿ ಸಿಕ್ಕಷ್ಟು ಖುಷಿ. ಮನೆಗೆ ಬಂದವರೇ, ‘ನೋಡ ಮೃಣಾಲಿನಿ, ನಮ್ಮ ಗಾಯ ಮಾಯ್ತದ, ಇವರ ಗಾಯ ಮಾನತದ. ಒಂದ ಅಕ್ಷರದ ಫರಕ. ತೆಲುಗು ಅಂದ್ರ ಇಷ್ಟ! ನೀ ಸುಮ್ಮನ ಹೆದರತಿ’ ಎಂದರು. ಅವತ್ತಿನಿಂದ ಅವರ ತೆಲುಗಿನಲ್ಲಿ ಎಲ್ಲವೂ ಮಾನತೊಡಗಿತು. ತಲೆನೋವು ಮಾನಿತು, ನೆಗಡಿ ಮಾನಿತು, ನನ್ನ ಕೋಪ ಕೂಡ ಮಾನಿತು. ಯಾರೂ ತಿದ್ದಲಿಲ್ಲ. ಆಂಧ್ರದ ಜನಕ್ಕೆ ಸೌಜನ್ಯ ಹೆಚ್ಚು. ಪರಭಾಷೆಯವರು ತೆಲುಗು ಮಾತಾಡಿದರೆ ಸಾಕು, ‘ಬಾಗಾ ಮಾಟ್ಲಾಡುತುನ್ನಾರೇ’ ಎಂದು ಮೆಚ್ಚಿ ಬಿಡುತ್ತಾರೆ.

ಆಗೆಲ್ಲ ಅವರು ಸೇದುತ್ತಿದ್ದರು, ಧಾರಾಳವಾಗಿ. ಕಾಲೇಜಿನಲ್ಲಿ ಹತ್ತಿದ ಚಟ, ಅದನ್ನು ಮುಚ್ಚಿಟ್ಟು ನಿಮ್ಮ ಅನುಕಂಪ ಗಿಟ್ಟಿಸುವ ಉದ್ದೇಶ ನನಗಿಲ್ಲ. ಬೆಳಗಿನ ಕೆಮ್ಮನ್ನು ಅವರು ‘ಅಲಾರಾಂ’ ಎನ್ನುತ್ತಿದ್ದರು, ನಾನೂ ನಗುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಒಂದು ಶುಕ್ರವಾರ ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೂಸನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸರು, ಕೋಲೂರಿದ ಮುದುಕರು ನಮ್ಮನ್ನು ದಾಟಿ ಹೋಗುತ್ತಿದ್ದರು. ‘ನೀ ಹೋಗಿ ಬಾ, ನಾ ಇಲ್ಲೇ ಕೃಷ್ಣಾನದಿ ನೋಡ್ಕೋತ ಕೂಡತೀನಿ’ ಎಂದರು. ಅವರು ನೋಡುತ್ತಿದ್ದುದು ನದಿಯನ್ನಲ್ಲ. ಬಾಯಿ ತೆರೆದು, ಎರಡೂ ಕೈಗಳನ್ನು ಮಂಡಿಯ ಮೇಲೆ ಊರಿ, ಮುಂದಿನ ಉಸಿರು ಎಲ್ಲಿಂದ ಬರಬೇಕೆಂದು ನೋಡುತ್ತಿದ್ದರು.

ಎದೆರೋಗದ ಡಾಕ್ಟರು ಗಂಗಾಭವಾನಿಯವರು ಕೊಳವೆಯೊಳಕ್ಕೆ ಊದಿಸಿ ನೋಡಿ, ಕ್ರಾನಿಕ್ ಬ್ರಾಂಕೈಟಿಸ್, ಶ್ವಾಸಕೋಶದ ಗಾಳಿಗೂಡುಗಳೂ ಸ್ವಲ್ಪ ಹಾಳಾಗಿವೆ ಎಂದರು. ಸಿಗರೇಟು ಬಿಡಲೇಬೇಕು ಎಂದರು. ಇವರು ಬಿಟ್ಟರು. ಹೇಗೆ ಬಿಟ್ಟರೆಂದು ನಾನು ವರ್ಣಿಸುವುದಿಲ್ಲ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಡೆದ ಲೋಟಗಳೇ ಅದನ್ನು ಹೇಳಬೇಕು.

ಇಲ್ಲಿ ನಿಮ್ಮ ಗಮನ ಬೇಕು, ಡಾಕ್ಟರೇ. ಬಿಟ್ಟ ಮೇಲೆ ಇವರ ಕೆಮ್ಮು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಕಫ ಬುಳುಬುಳು ಬಂತು. ‘ಸೇದೂವಾಗ ಇಷ್ಟ ಕೆಮ್ಮು ಇರಲಿಲ್ಲಲೇ! ಇದ್ದ ಒಂದು ಸುಖಾನೂ ಹೋತು, ರೋಗಾನೂ ಹೆಚ್ಚಾತು’ ಎಂದು ಕೂಗಾಡಿಕೊಂಡೇ ಅವರು ಗಂಗಾಭವಾನಿಯವರ ಎದುರು ಕೂತರು. ಆಕೆ ನಕ್ಕು, ‘ಊಡ್ಚೇವಾಳ್ಳು ನಿದ್ರ ಲೇಚಾರಂಡೀ’ ಎಂದರು. ಗುಡಿಸುವವರು ನಿದ್ದೆಯಿಂದ ಎದ್ದಿದ್ದಾರೆ. ನಮ್ಮ ಉಸಿರಿನ ಕೊಳವೆಗಳ ಒಳಗೋಡೆಗೆ ಕಣ್ಣಿಗೆ ಕಾಣದ ಕೂದಲಿನಂಥವು ಇರುತ್ತವಂತೆ, ಸದಾ ಕಫವನ್ನು ಮೇಲಕ್ಕೆ ಗುಡಿಸುತ್ತಿರುತ್ತವಂತೆ. ಹೊಗೆ ಅವನ್ನು ಮಂಪರಿನಲ್ಲಿ ಕೆಡವುತ್ತದೆ. ಹೊಗೆ ನಿಂತರೆ ಎಚ್ಚೆತ್ತು ಕೆಲಸಕ್ಕೆ ತೊಡಗುತ್ತವೆ. ಆದ್ದರಿಂದ ಕೆಲವರಿಗೆ ಮೊದಲ ಕೆಲವು ವಾರ ಕೆಮ್ಮು ಹೆಚ್ಚು. ಆಮೇಲೆ ತಿಂಗಳುಗಳು ಕಳೆದಂತೆ ಕೆಮ್ಮೂ ಕಫವೂ ಇಳಿಯುತ್ತವೆ. ‘ಇದಕ್ಕೆ ಹೆದರಿ ಮತ್ತೆ ಹಚ್ಚಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀವು ಆ ಸಾಲಿಗೆ ಸೇರಬೇಡಿ’ ಎಂದರು ಆಕೆ.

‘ಅಂದ್ರ ಆಮ್ಯಾಲೆ ಪೂರಾ ನೆಟ್ಟಗಾಗತದಲ್ಲರೀ?’ ಎಂದು ಇವರು ಕಳವಳದಲ್ಲಿ ಕನ್ನಡದಲ್ಲೇ ಕೇಳಿದ್ದನ್ನು ನಾನು ನನಗೆ ಬಂದಷ್ಟು ತೆಲುಗಿಗೆ ತಿರುಗಿಸಿ ಹೇಳಿದೆ. ಆಕೆ ನಗಲಿಲ್ಲ. ‘ಪೋಯಿಂದಿ ರಾದು. ಉನ್ನದಿ ಉಂಟುಂದಿ’ ಎಂದರು. ಹೋದದ್ದು ಬರುವುದಿಲ್ಲ, ಇರುವುದು ಇರುತ್ತದೆ. ಒಡೆದ ಗಾಳಿಗೂಡುಗಳು ಮತ್ತೆ ಹುಟ್ಟುವುದಿಲ್ಲ. ಕೊಳವೆಗಳ ಒಳಗಿನ ಊತ ಬಿಟ್ಟ ಎಷ್ಟೋ ಕಾಲದ ಮೇಲೂ ಪೂರ್ತಿ ಇಳಿಯದಿರಬಹುದು. ಆದರೆ ಸೇದುವವರ ಉಸಿರಿನ ಶಕ್ತಿ ವರ್ಷವರ್ಷವೂ ಬೇಗಬೇಗ ಕುಸಿಯುತ್ತದೆ. ಬಿಟ್ಟವರಲ್ಲಿ ಆ ಕುಸಿತ ನಿಧಾನವಾಗಿ, ಎಂದೂ ಸೇದದವರಿಗೆ ವಯಸ್ಸಾಗುತ್ತ ಕಡಿಮೆಯಾಗುವಷ್ಟಕ್ಕೆ ಹತ್ತಿರ ಬರುತ್ತದೆ. ಬಿಡುವುದರ ಲಾಭ ಅದು. ಕಳೆದದ್ದನ್ನು ಮರಳಿಸುವ ಲಾಭವಲ್ಲ, ಉಳಿದದ್ದನ್ನು ಉಳಿಸುವ ಲಾಭ. ಅದಕ್ಕೇ ಆಕೆ ಇನ್ನೊಂದು ಮಾತು ಸೇರಿಸಿದರು: ಬೇರೆಯವರ ಹೊಗೆಯಿಂದಲೂ ದೂರ ಇರಿ. ಕಿಟಕಿಯ ಅರ್ಜಿ ಹುಟ್ಟಿದ್ದು ಆ ಮಾತಿನಿಂದ.

ಈಗ ನಿಮ್ಮ ಶಿಬಿರಕ್ಕೆ ಬರೋಣ. ಶಾಖೆಯ ಎಲ್ಲರ ತಪಾಸಣೆಯ ಜೊತೆಗೆ ಇವರ ಅರ್ಜಿಯ ಪರಿಶೀಲನೆಯೂ ಆಗಲೆಂದು ನೀವು ನೇಮಿಸಿದ ವೈದ್ಯರು ಬಂದರು. ಕೊಳವೆಗೆ ಊದಿಸಿದರು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು. ಆಮೇಲೆ ಬರೆಯುತ್ತಲೇ, ತಲೆಯೆತ್ತದೆ ಕೇಳಿದರಂತೆ. ನಿಮ್ಮ ಉತ್ತರ ಕೈಸೇರಿದ ಸಂಜೆ ನಾನು ಆ ಮಾತುಕತೆಯನ್ನು ಇವರಿಂದ ಶಬ್ದಶಬ್ದವಾಗಿ ಹೇಳಿಸಿದೆ. ಮನೆಯ ಮಾಲೀಕರ ಹೆಂಡತಿ ಸೂರ್ಯಕಾಂತಮ್ಮಗಾರು ಸಂಡಿಗೆ ಒಣಹಾಕಿದ್ದ ಸೀರೆಯನ್ನು ಮಡಿಸುತ್ತ ಅಲ್ಲೇ ಇದ್ದರು.

‘ಡಾಕ್ಟ್ರು ಏನಂದ್ರು?’

‘ಮಾನೇಶಾರಾ ಅಂದ್ರು.’

‘ನೀವು?’

‘ಲೇದಂಡೀ, ಇಂಕಾ ಮಾನಲೇದು ಅಂದೆ.’

‘ಆಮೇಲೆ?’

‘ಯಾಕ ಮಾನಲೇದು ಅಂತ ಕೇಳಿದ್ರು. ಏನ್ ಹುಚ್ಚ ಡಾಕ್ಟರಪ್ಪಾ, ಯಾಕ ಅಂತ ನನಗೇನ್ ಗೊತ್ತು? ಏಂ ಚೇಸ್ತಾಮಂಡೀ, ಮಾನಡಂ ಲೇದು, ರಾತ್ರಿಪೂಟ ಎಕ್ಕುವ ಅಂದೆ. ಅವರು ತಲಿ ಅಲ್ಲಾಡಿಸಿ ಬರಕೊಂಡ್ರು.’

ಸೂರ್ಯಕಾಂತಮ್ಮಗಾರ ಕೈಯಿಂದ ಸೀರೆ ಬಿತ್ತು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ‘ಅಯ್ಯೋ ರಮಾಕಾಂತ್‌ಗಾರೂ! ಪುಂಡು ಮಾನುತುಂದಂಡೀ, ದಗ್ಗು ತಗ್ಗುತುಂದಿ. ಸಿಗರೆಟ್ಟು ಮೀರು ಮಾನಾಲಿ!’ ಹುಣ್ಣು ಮಾಯುತ್ತದೆ, ಕೆಮ್ಮು ತಗ್ಗುತ್ತದೆ, ಸಿಗರೇಟನ್ನು ನೀವು ಬಿಡಬೇಕು. ತೆಲುಗಿನಲ್ಲಿ ಮಾಯುವುದಕ್ಕೂ ಬಿಡುವುದಕ್ಕೂ ಒಂದೇ ಧಾತು. ಡಾಕ್ಟರು ‘ಬಿಟ್ಟಿರಾ?’ ಎಂದು ಕೇಳಿದ್ದರು. ಇವರು ‘ಮಾಯಿತೇ?’ ಎಂದು ಕೇಳಿಸಿಕೊಂಡು, ‘ಇನ್ನೂ ಇಲ್ಲ, ರಾತ್ರಿ ಹೆಚ್ಚು’ ಎಂದು ತಮ್ಮ ಕೆಮ್ಮಿನ ವರದಿ ಒಪ್ಪಿಸಿದ್ದರು. ಇನ್ನು ಆ ‘ಲೇದು’ ಎಂಬುದು ಇದೆಯಲ್ಲ, ಅದು ಯಾರು ಎಂದೂ ಹೇಳುವುದಿಲ್ಲ, ಯಾವುದು ಎಂದೂ ಹೇಳುವುದಿಲ್ಲ. ನಾನು ಬಿಟ್ಟಿಲ್ಲ ಎನ್ನುವುದಕ್ಕೂ ಅದು ಮಾಯ್ದಿಲ್ಲ ಎನ್ನುವುದಕ್ಕೂ ಅದೇ ರೂಪ. ದಿನವಿಡೀ ಮಕ್ಕಳಿಗೆ ‘ವಾಕ್ಯದ ಕರ್ತೃ ಎಲ್ಲಿ?’ ಎಂದು ಕೇಳುವ ನನ್ನ ಮನೆಯಲ್ಲೇ ಕರ್ತೃವಿಲ್ಲದ ಒಂದು ವಾಕ್ಯ ಬಂದು ಕೂತಿತು.

ನಾನೂ ನಕ್ಕೆ. ನಗದೆ ಇರಲು ಸಾಧ್ಯವಿರಲಿಲ್ಲ. ಇವರು ಮಾತ್ರ ನಗಲಿಲ್ಲ. ನಿಮ್ಮ ವೈದ್ಯರನ್ನೂ ನಾನು ದೂರುವುದಿಲ್ಲ. ಅವರು ಕೇಳಿದ್ದು ಸರಿಯಾದ ತೆಲುಗಿನಲ್ಲಿ, ಬರೆದುಕೊಂಡದ್ದು ಕಿವಿಗೆ ಬಿದ್ದದ್ದನ್ನು. ಒಂದು ಸಲ ತಲೆಯೆತ್ತಿ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತೇನೋ. ಆದರೆ ಸಾಲಿನಲ್ಲಿ ಅಷ್ಟು ಜನ ನಿಂತಿರುವಾಗ ಯಾರ ಮುಖವನ್ನು ನೋಡುವುದು? ಅದು ಭಾಷೆಯ ತಪ್ಪು, ನಮ್ಮದು. ಬೇಕಾದರೆ ಕ್ಷಮೆಯನ್ನೂ ಕೇಳುತ್ತೇವೆ.

ನಿಮ್ಮ ಎರಡನೆಯ ವಾಕ್ಯಕ್ಕೆ ಆ ವಿನಾಯಿತಿ ಇಲ್ಲ. ‘ಶ್ವಾಸಪರೀಕ್ಷೆಯಲ್ಲಿ ಸುಧಾರಣೆ ಕಾಣದಿರುವುದು ಇದನ್ನು ದೃಢಪಡಿಸುತ್ತದೆ.’ ಇದನ್ನು ಬರೆದವರಿಗೆ ತೆಲುಗು ಬೇಕಾಗಿರಲಿಲ್ಲ, ವೈದ್ಯಶಾಸ್ತ್ರ ಬೇಕಾಗಿತ್ತು. ಬಿಟ್ಟರೆ ಶ್ವಾಸಕೋಶ ಮೊದಲಿನಂತಾಗುತ್ತದೆ, ಇವರದು ಮೊದಲಿನಂತಾಗಿಲ್ಲ, ಆದ್ದರಿಂದ ಇವರು ಬಿಟ್ಟಿಲ್ಲ! ನಮ್ಮದು ರೈಲಿನ ಊರು, ನಾನೊಂದು ರೈಲಿನ ಉದಾಹರಣೆ ಕೊಡುತ್ತೇನೆ. ಒಬ್ಬನ ಕಾಲಿನ ಮೇಲೆ ರೈಲು ಹರಿಯಿತು. ಚಾಲಕ ಬ್ರೇಕು ಹಾಕಿದ, ರೈಲು ನಿಂತಿತು. ಮಾರನೆಯ ವರ್ಷ ನೀವು ಹೋಗಿ ನೋಡುತ್ತೀರಿ, ಅವನ ಕಾಲು ಮತ್ತೆ ಬೆಳೆದಿಲ್ಲ. ‘ಹಾಗಾದರೆ ರೈಲು ಇನ್ನೂ ನಿಂತಿಲ್ಲ’ ಎಂದು ಬರೆಯುತ್ತೀರಾ?

ಇನ್ನೂ ಒಂದು ಮಾತು. ಬಿಡುವ ಮುಂಚಿನ ವರ್ಷಗಳಲ್ಲಿ, ನಿಮ್ಮ ಬ್ಯಾಂಕಿನದೇ ವಾರ್ಷಿಕ ತಪಾಸಣೆಗಳಲ್ಲಿ, ಇವರ ಊದುವ ಶಕ್ತಿ ಪರೀಕ್ಷೆಯಿಂದ ಪರೀಕ್ಷೆಗೆ ಇಳಿದಿತ್ತು. ಬಿಟ್ಟ ಮೇಲೆ ಬಹುಮಟ್ಟಿಗೆ ನಿಂತಲ್ಲೇ ನಿಂತಿದೆ. ನೀವು ‘ಸುಧಾರಣೆಯಿಲ್ಲ’ ಎಂದು ಓದಿದ್ದನ್ನು ಗಂಗಾಭವಾನಿಯವರು ‘ಕುಸಿತವಿಲ್ಲ’ ಎಂದು ಓದಿದರು. ಹಾಗಾದರೆ ಇದೇ ಇವರು ಬಿಟ್ಟದ್ದಕ್ಕೆ ಪುರಾವೆಯಲ್ಲವೇ ಎಂದು ನಾನು ಉತ್ಸಾಹದಿಂದ ಕೇಳಿದೆ. ‘ಒಬ್ಬ ಮನುಷ್ಯನ ನಾಲ್ಕಾರು ಪರೀಕ್ಷೆಗಳಿಂದ ಅಷ್ಟು ದೊಡ್ಡ ಮಾತು ಹೇಳಬಾರದಮ್ಮಾ. ಬಿಟ್ಟಿಲ್ಲ ಎಂದಂತೂ ಹೇಳಲು ಬರುವುದೇ ಇಲ್ಲ’ ಎಂದರು. ನನ್ನ ಪರವಾಗಿದ್ದ ಮಾತನ್ನೂ ಆಕೆ ಅಳತೆ ಮೀರಿ ಹೇಳಲಿಲ್ಲ. ವೈದ್ಯರೆಂದರೆ ಹೀಗೂ ಇರುತ್ತಾರೆ ಎಂದು ನಿಮ್ಮ ಗಮನಕ್ಕೆ ತರುತ್ತಿದ್ದೇನೆ.

ನಾನು ಅತಿಯಾಗಿ ಆಡುತ್ತಿದ್ದೇನೆಯೇ? ಒಂದು ಮೇಜು, ಒಂದು ಕಿಟಕಿ, ಇಷ್ಟಕ್ಕೆ ಪತ್ರಿಕೆಗೆ ಬರೆಯಬೇಕೇ ಎಂದು ನನ್ನನ್ನೇ ಕೇಳಿಕೊಂಡೆ. ಎರಡು ಸಲ ಬರೆಯುವುದನ್ನು ನಿಲ್ಲಿಸಿ ಎದ್ದು ಅಂಗಳಕ್ಕೆ ಹೋಗಿ ಬಂದೆ. ಕೂತರೂ ಸಮಾಧಾನವಿಲ್ಲ, ಎದ್ದರೂ ಇಲ್ಲ. ವಿಷಯ ಮೇಜಿನದಾಗಿ ಉಳಿದಿದ್ದರೆ ಸುಮ್ಮನಿರುತ್ತಿದ್ದೆ. ನಿಮ್ಮ ವಾಕ್ಯ ಮೇಜನ್ನು ದಾಟಿ ಮನೆಯೊಳಗೆ ಬಂದಿದೆ.

ಅದು ಮೊದಲು ಹೊಕ್ಕದ್ದು ಒಳಕೋಣೆಯನ್ನು. ಅಲ್ಲಿ ಮಂಡ್ಯದ ತಿಮ್ಮಯ್ಯನವರಿದ್ದಾರೆ, ಇವರ ಎದುರು ಮೇಜಿನವರು. ಕೆಟ್ಟವರಲ್ಲ. ಇವರಿಗೆ ಕೆಮ್ಮು ಬಂದಾಗೆಲ್ಲ ಕೈಯಲ್ಲಿದ್ದುದನ್ನು ಆರಿಸಿಬಿಡುತ್ತಿದ್ದರು. ನಿಮ್ಮ ಉತ್ತರ ಬಂದ ಮರುದಿನ ಅವರೇ ಪ್ಯಾಕೆಟ್ಟು ಚಾಚಿದರಂತೆ. ‘ಬನ್ನಿ ಸಾರ್ ಬನ್ನಿ, ಹೆಡ್ಡಾಫೀಸ್ನೋರೇ ಪರ್ಮಿಷನ್ ಕೊಟ್ಟವ್ರೆ! ತಕಳಿ, ಒಂದು ದಮ್ ಎಳೀರಿ. ನಮ್ಮುನ್ನೆಲ್ಲ ಪಾಪಿಗಳು ಅಂತಿದ್ರಿ, ರಾತ್ರಿ ಹೊತ್ತು ಕದ್ದು ಸೇದ್ತಿದ್ರಾ? ಏನ್ ಸಾರ್ ನೀವು!’ ಕೋಣೆಯೆಲ್ಲ ನಕ್ಕಿತು. ಆಮೇಲೆ ಇವರಿಗೆ ಕೆಮ್ಮು ಬಂದಾಗ ಯಾರೂ ಆರಿಸಲಿಲ್ಲ. ಯಾಕೆ ಆರಿಸಬೇಕು? ಸಿಗರೇಟು ಸೇದುವ ಮನುಷ್ಯನ ಕೆಮ್ಮಿಗೆ ಯಾರು ಮರ್ಯಾದೆ ಕೊಡುತ್ತಾರೆ?

ಆಮೇಲೆ ಅದು ನನ್ನೊಳಗೂ ಬಂತು. ‘ರಾತ್ರಿ ವೇಳೆ’ ಎಂದು ನೀವು ಬರೆದಿದ್ದಿರಿ. ಅದು ಪದದ ಎಡವಟ್ಟು ಎಂದು ತಿಳಿದು, ನಕ್ಕು ಆದ ಮೇಲೂ, ಒಗೆಯಲು ಹಾಕಿದ್ದ ಅವರ ಅಂಗಿಯನ್ನು ಎತ್ತಿ ನಾನು ಮೂಸಿ ನೋಡಿದೆ. ಹೊಗೆಯ ವಾಸನೆ ಇತ್ತು. ಇರದೆ ಇನ್ನೇನು, ದಿನವಿಡೀ ಆ ಕೋಣೆಯಲ್ಲಿ ಕೂತು ಬಂದ ಅಂಗಿ! ತಿರುಗಿದರೆ ಇವರು ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. ‘ನೀನೂ ಹೆಡ್ ಆಫೀಸ್ ಸೇರಿದಿ ಏನು?’ ಎಂದರು.

ಒಡೆದ ಲೋಟಗಳ ದಿನಗಳಲ್ಲೂ ನನ್ನನ್ನು ಹೀಗೆ ಮುಟ್ಟಿದ ಮಾತು ಬಂದಿರಲಿಲ್ಲ.

ಮರುದಿನ ಅವರು ತಿಮ್ಮಯ್ಯನವರಿಂದ ಒಂದು ಸಿಗರೇಟು ಈಸಿಕೊಂಡು ಮನೆಗೆ ಬಂದರು. ಹಚ್ಚಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಇಟ್ಟುಕೊಂಡಿದ್ದಾರೆ. ನಾನು ಜಗಳವಾಡಿದೆ. ‘ನಿಮ್ಮ ಎದೆಗೇನು ಗೊತ್ತು ರೀ ಯಾರು ಏನು ಬರೆದರು ಅಂತ? ಹಟಕ್ಕೆ ಸೇದಿದರೂ ಹೊಗೆ ಹೊಗೆಯೇ’ ಎಂದೆ. ‘ಗೊತ್ತದ’ ಎಂದರು. ‘ಮತ್ತೆ ಬಿಸಾಡಿ.’ ‘ಈಗಲ್ಲ. ಅವರು ತಿದ್ದಿದರ ಮುರದು ಒಗೀತೀನಿ. ತಿದ್ದಲಿಲ್ಲಂದ್ರ ಅವರ ಮಾತು ಖರೇ ಮಾಡಿಬಿಡತೀನಿ. ಬಿಟ್ಟೂ ಸೇದಾಂವ ಅನ್ನಿಸಿಕೊಳ್ಳೋದಕ್ಕಿಂತ ಸೇದೇ ಅನ್ನಿಸಿಕೊಳ್ಳೋದು ಪಾಡ.’ ಇದು ಮೂರ್ಖತನ, ನನಗೆ ಗೊತ್ತು. ಅವರಿಗೂ ಗೊತ್ತು. ಆದರೆ ಒಬ್ಬ ಮನುಷ್ಯ ಜೀವಮಾನದಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸವನ್ನು ಅವನು ಮಾಡಲೇ ಇಲ್ಲ ಎಂದು ಮೊಹರು ಹಾಕಿ ಕಳಿಸಿದರೆ, ಅವನು ಬುದ್ಧಿವಂತನಾಗಿ ಉಳಿಯಬೇಕೆಂದು ಯಾವ ಬಾಯಿಂದ ಕೇಳಲಿ? ಅಂಗಿ ಮೂಸಿದ ಮೂಗೂ ಇದೇ ಮುಖದಲ್ಲಿದೆಯಲ್ಲ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಕಿಟಕಿಯ ಪಕ್ಕದ ಮೇಜು ಕೊಡಿ. ಅದಕ್ಕಿಂತ ಮೊದಲು ಇವರ ದಾಖಲೆಯಿಂದ ಆ ಎರಡೂ ವಾಕ್ಯಗಳನ್ನು ಹೊಡೆದುಹಾಕಿ, ಅಲ್ಲಿ ‘ಬಿಟ್ಟಿದ್ದಾರೆ, ಮಾಯ್ದಿಲ್ಲ’ ಎಂದು ಬರೆಸಿ. ಇಂಗ್ಲಿಷಿನಲ್ಲೇ ಬರೆಸಿ, ಅಡ್ಡಿಯಿಲ್ಲ. ಆ ಭಾಷೆಯಲ್ಲಿ ಇವೆರಡಕ್ಕೂ ಪುಣ್ಯಕ್ಕೆ ಬೇರೆ ಬೇರೆ ಪದಗಳಿವೆ. ಬರೆಸಿದ ಮೇಲೆ ಒಂದು ಪ್ರತಿಯನ್ನು ಒಳಕೋಣೆಯ ಗೋಡೆಗೆ ಹಚ್ಚಿಸಿ, ತಿಮ್ಮಯ್ಯನವರು ಓದಲಿ. ಬಿಟ್ಟವನು ಗುಣವಾಗಿಯೇ ತೋರಿಸಬೇಕೆಂದು ಇನ್ನು ಯಾರನ್ನೂ ಕೇಳಬೇಡಿ. ಹಾಗೆ ಕೇಳಿದರೆ ನಿಮ್ಮ ಬ್ಯಾಂಕಿನಲ್ಲಿ ಯಾರು ತಾನೇ ಬಿಟ್ಟಾರು?

ತಡ ಮಾಡಬೇಡಿ. ಇದು ವಿಜಯವಾಡದ ಮೇ ತಿಂಗಳು. ಬೆವರಿಗೆ ಆ ಸಿಗರೇಟಿನ ಕಾಗದ ಹಳದಿಗಟ್ಟಿದೆ, ನಡುವೆ ಬಾಗಿದೆ. ದಿನವೂ ಬೆಳಿಗ್ಗೆ ಅದನ್ನು ನಿನ್ನೆಯ ಅಂಗಿಯಿಂದ ತೆಗೆದು ಇವತ್ತಿನ ಅಂಗಿಯ ಜೇಬಿಗೆ ಇಡುವವಳು ನಾನೇ. ಇಡು ಎಂದು ಅವರು ಹೇಳಿಲ್ಲ. ಬಿಸಾಡುವುದು ಸುಲಭ, ಆದರೆ ಬಿಸಾಡಿದರೆ ಅವರನ್ನು ಇನ್ನೊಮ್ಮೆ ಮೂಸಿದಂತೆ. ಅದಕ್ಕೇ ಇಡುತ್ತೇನೆ, ಅವರು ನೋಡುವಂತೆ, ಮೂಗಿನ ಹತ್ತಿರ ತರದೆ.

ಇಂತಿ,
ನಿಮ್ಮ ಕಚೇರಿಯ ಒಂದು ಸಾಲಿಗಾಗಿ ಕಾಯುತ್ತ ಗಂಡನ ಜೇಬಿಗೆ ತಾನೇ ಸಿಗರೇಟು ಇಡುತ್ತಿರುವ,
ಮೃಣಾಲಿನಿ ರಮಾಕಾಂತ
ಪಟಮಟ, ವಿಜಯವಾಡ